ಒಂದೇ ನಂಬರಿನ ಎರಡು ಡಬ್ಬಿಗಳು

ಯಾವುದಾದರೂ ಕಾಗದಕ್ಕೆ ಬೆಲೆ ಉಂಟು ಎಂದು ನಮ್ಮ ಅಮ್ಮನಿಗೆ ಅನ್ನಿಸಿದರೆ ಸಾಕು, ಮರುದಿನ ಅದು ಲ್ಯಾಮಿನೇಶನ್ ಆಗಿ ಮನೆಗೆ ಬರುತ್ತದೆ. ಕಡಿಯಾಳಿಯ ನಮ್ಮ ಮನೆಯಿಂದ ಜೆರಾಕ್ಸ್ ಅಂಗಡಿಗೆ ಇಪ್ಪತ್ತು ಹೆಜ್ಜೆಯೂ ಇಲ್ಲ, ಅದೇ ತೊಂದರೆ. ರೇಷನ್ ಕಾರ್ಡು, ಬಾವಿ ತೋಡಿದವನು ಬರೆದುಕೊಟ್ಟ ಚೀಟಿ, ನನ್ನ ಜಾತಕ, ಎಲ್ಲವೂ ಆ ಬಿಸಿ ಯಂತ್ರದ ಬಾಯಿಗೆ ಹೋಗಿ ಬಂದಿವೆ. ನನ್ನ ಹತ್ತನೇ ತರಗತಿಯ ಅಂಕಪಟ್ಟಿಯನ್ನೂ ಹಾಗೆ ಮಾಡಿಸಿದ್ದರು. ಅದನ್ನು ಹಿಡಿದುಕೊಂಡು ಒಂದು ಕಚೇರಿಗೆ ಹೋದಾಗ ಗುಮಾಸ್ತ ಹಿಂದಕ್ಕೆ ಕೊಟ್ಟ: ಪ್ಲಾಸ್ಟಿಕ್ಕಿನೊಳಗಿನ ಅಸಲು ನಡೆಯುವುದಿಲ್ಲವಂತೆ, ಕಾಗದ ಮುಟ್ಟಿ ನೋಡಬೇಕಂತೆ. "ಮುಟ್ಟಿ ಎಂತ ನೋಡ್ಲಿಕ್ಕುಂಟು? ಓದ್ಲಿಕ್ಕೆ ಕಾಣ್ತದಲ್ಲ" ಎಂದು ಅಮ್ಮ ಕೇಳಿದರು. ನಾನು ಅಮ್ಮನ ಪರವಾಗಿ ಅರ್ಧ ಗಂಟೆ ವಾದಿಸಿದೆ. ಆ ಗುಮಾಸ್ತ ಹೇಳಿದ್ದು ಎಷ್ಟು ಸರಿ ಎಂದು ನನಗೆ ತಿಳಿಯಲು ಹತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಒಬ್ಬರ ಹೆಸರು ಹಾಳಾಗಿತ್ತು.

ಲ್ಯಾಮಿನೇಶನ್ ಆದ ಕಾಗದಗಳಲ್ಲಿ ಹೆಚ್ಚಿನವು ನನ್ನ ಚರ್ಚಾಸ್ಪರ್ಧೆಯ ಪ್ರಮಾಣಪತ್ರಗಳು. ನಿಮ್ಮ ಮನೆಯಲ್ಲೂ ಇಂಥ ಒಂದು ಮಗು ಇದ್ದರೆ ನಿಮಗೆ ಗೊತ್ತಿರುತ್ತದೆ: ಊಟಕ್ಕೆ ಕರೆದರೆ "ಊಟ ಎಂದರೇನು" ಎಂದು ಕೇಳುವ ಜಾತಿ. ಪರವೋ ವಿರೋಧವೋ ಎಂದು ವೇದಿಕೆ ಹತ್ತುವ ಐದು ನಿಮಿಷ ಮೊದಲು ಚೀಟಿ ಎತ್ತಿ ತಿಳಿಯುವುದು ಕ್ರಮ. ಕಾರ್ಕಳದ ಒಂದು ಶಾಲೆಯಲ್ಲಿ ಬೆಳಗ್ಗೆ ಪಟ್ಟಣವೇ ಮೇಲು ಎಂದು ಗೆದ್ದು, ಮಧ್ಯಾಹ್ನ ಹಳ್ಳಿಯೇ ಮೇಲು ಎಂದು ಗೆದ್ದವಳು ನಾನು. ಎರಡನೇ ಸಲ ನನ್ನೆದುರು ಸೋತ ಹುಡುಗಿ ನಿಜವಾಗಿ ಹಳ್ಳಿಯಿಂದ ಬಂದವಳು; ಪಟ್ಟಣದ ಪರ ಚೀಟಿ ಬಂದದ್ದಕ್ಕೆ ಬಾಯಿ ಕಟ್ಟಿಹೋಗಿತ್ತು. ನನಗೆ ಹಾಗೆ ಕಟ್ಟಿದ್ದೇ ಇಲ್ಲ. ತೀರ್ಪುಗಾರರ ಹಾಳೆಯಲ್ಲಿ ವಿಷಯಕ್ಕೆ ಇಷ್ಟು, ನಿರೂಪಣೆಗೆ ಇಷ್ಟು, ಖಂಡನೆಗೆ ಇಷ್ಟು ಎಂದು ಅಂಕ. ಹೇಳಿದ್ದು ನಿಜವೋ ಎಂಬುದಕ್ಕೆ ಅಂಕಣ ಇರಲಿಲ್ಲ.

ಈ ಸಂಶಯದ ಬುದ್ಧಿ ನನಗೆ ಕಾಪುವಿನ ದೊಡ್ಡಮ್ಮನಿಂದ ಬಂದದ್ದು ಎಂದು ನಾನು ಜಂಬ ಪಡುತ್ತಿದ್ದೆ. ದೊಡ್ಡಮ್ಮ ಮೀನು ಮಾರುವವರು. ಏಲದಲ್ಲಿ, ಎಂದರೆ ಹರಾಜಿನಲ್ಲಿ, ಬುಟ್ಟಿ ಎದುರು ಬಂದರೆ ಮೊದಲು ಹೆಬ್ಬೆರಳಿನಿಂದ ಮೀನಿನ ಕಿವಿರು ಎತ್ತಿ ಕೆಂಪು ನೋಡುತ್ತಾರೆ, ಆಮೇಲೆ ಮಾತು. ಮಂಜುಗಡ್ಡೆ ತುಂಬಿ ಮುಚ್ಚಿ ತಂದ ಪೆಟ್ಟಿಗೆಯನ್ನು ಎಷ್ಟು ಹೊಗಳಿದರೂ, "ನನಗೆ ಮುಚ್ಚಳ ಬೇಡ ಮಾರಾಯ, ಮೀನು ತೋರಿಸು" ಎನ್ನುತ್ತಾರೆ. ಈಗ ಯೋಚಿಸಿದರೆ ದೊಡ್ಡಮ್ಮನಿಂದ ನನಗೆ ಬಂದದ್ದು ಬಾಯಿ ಮಾತ್ರ. ಬೆರಳು ಬರಲಿಲ್ಲ.

ಇಂಥ ನಾನು ನಾಣ್ಯದವರ ಮಧ್ಯೆ ಹೋಗಿ ಸೇರಿದ್ದೂ ಬಾಯಿಯಿಂದಲೇ. ಆದಿ ಉಡುಪಿಯಲ್ಲಿ, ಮಾರುಕಟ್ಟೆ ಪ್ರಾಂಗಣದ ಹತ್ತಿರ ಒಂದು ಮಹಡಿಯ ಕೋಣೆಯಲ್ಲಿ ನಾಣ್ಯ ಸಂಗ್ರಾಹಕರ ಸಣ್ಣ ಸಂಘ ತಿಂಗಳಿಗೊಂದು ಭಾನುವಾರ ಬೆಳಗ್ಗೆ ಸೇರುತ್ತದೆ. ಕೆಳಗಿನ ಗೋದಾಮಿನಿಂದ ಈರುಳ್ಳಿ ವಾಸನೆ ಏರಿ ಬರುವ ಕೋಣೆ. ಸದಸ್ಯರು ಹನ್ನೆರಡೋ ಹದಿಮೂರೋ. ಅಕ್ಕಿಕಾಳನ್ನು ತನ್ನತ್ತ ಎಳೆಯುವ ಮಹಿಮೆಯ ನಾಣ್ಯ ಎಂದು ಹೇಳಿ ಜನರನ್ನು ಮೋಸ ಮಾಡುವವರು ಇದ್ದಾರಲ್ಲ, ಅವರ ಬಗ್ಗೆ ಮಾತಾಡಲು ನನ್ನನ್ನು ಒಮ್ಮೆ ಕರೆದಿದ್ದರು. ಇಪ್ಪತ್ತು ನಿಮಿಷದಲ್ಲಿ ಆ ಮಹಿಮೆಯ ಚರ್ಮ ಸುಲಿದೆ. ಅಧ್ಯಕ್ಷರಾದ ಶೇಖರಣ್ಣ, ನಿವೃತ್ತ ಪೋಸ್ಟ್ ಮಾಸ್ಟರು, ಚಾ ಕುಡಿದು ಮುಗಿಸುವ ಮೊದಲೇ ನನ್ನನ್ನು ಕಾರ್ಯದರ್ಶಿ ಮಾಡಿದರು. "ನಮ್ಮಲ್ಲಿ ನಾಣ್ಯ ಎಲ್ಲರ ಹತ್ತಿರ ಉಂಟು, ಅಕ್ಷರ ಯಾರ ಹತ್ತಿರವೂ ಇಲ್ಲ. ನಡಾವಳಿ ಪುಸ್ತಕ ನೀನು ಬರೆ" ಎಂದರು.

ಅಲ್ಲಿ ಮೊದಲ ಸಲ ಆ ಪ್ಲಾಸ್ಟಿಕ್ ಡಬ್ಬಿ ನೋಡಿದ್ದು. ನಿಮಗೆ ಪರಿಚಯವಿಲ್ಲದಿದ್ದರೆ ಹೇಳುತ್ತೇನೆ. ಹಳೆಯ ನಾಣ್ಯವನ್ನು ವಿದೇಶದ ಒಂದು ಪರೀಕ್ಷಾ ಕಂಪನಿಗೆ ಕಳುಹಿಸಿದರೆ ಅವರು ಅದು ಅಸಲಿ ಎಂದು ನೋಡಿ, ಎಷ್ಟು ಸವೆದಿದೆ ಎಂದು ಎಪ್ಪತ್ತಕ್ಕೆ ಅಂಕ ಕೊಟ್ಟು, ಗಟ್ಟಿ ಪಾರದರ್ಶಕ ಡಬ್ಬಿಯಲ್ಲಿಟ್ಟು ಅಂಟು ಹಾಕಿ ಮುಚ್ಚಿ ಕಳುಹಿಸುತ್ತಾರೆ. ಒಡೆಯದೆ ಅದು ತೆರೆಯುವುದಿಲ್ಲ; ಒಡೆದರೆ ಅಂಕ ಹೋಯಿತು. ಮೇಲ್ಭಾಗದ ಚೀಟಿಯಲ್ಲಿ ಒಂದು ನಂಬರ್. ಆ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಒತ್ತಿದರೆ ಇಂಥ ನಾಣ್ಯ, ಇಷ್ಟು ಅಂಕ ಎಂದು ಬರುತ್ತದೆ. ನಮ್ಮ ಅಮ್ಮನಿಗೆ ತೋರಿಸಿದರೆ ಖುಷಿಯಾಗುತ್ತಿತ್ತು. ನನಗಂತೂ ಆಯಿತು. ಯಾರ ಮುಖ, ಯಾರ ಜಾತಿ, ಯಾರ ಅಜ್ಜನ ಕತೆ, ಎಂತದ್ದೂ ಬೇಡ. ನಂಬರ್ ಒತ್ತು, ಸತ್ಯ ಬರುತ್ತದೆ. ಸಂಶಯ ಪಡುವವಳಿಗೆ ಇದಕ್ಕಿಂತ ದೊಡ್ಡ ದೇವರು ಎಲ್ಲಿ ಸಿಗುತ್ತಾನೆ.

ಸಂಘದಲ್ಲಿ ಅಂಥ ಡಬ್ಬಿ ಇದ್ದದ್ದು ಆಗ ಒಬ್ಬರ ಹತ್ತಿರ ಮಾತ್ರ. ಕಾರ್ಕಳದ ಪಕ್ಕದ ಕುಕ್ಕುಂದೂರಿನ ಲಾರೆನ್ಸ್ ಅಂಕಲ್. ಗಲ್ಫಿನಲ್ಲಿ ಇಪ್ಪತ್ತೈದು ವರ್ಷ ಇಲೆಕ್ಟ್ರಿಶಿಯನ್ ಆಗಿದ್ದು ಊರಿಗೆ ಬಂದವರು. ಅವರದ್ದು 'ಹಂದಿ ರೂಪಾಯಿ'. ಬ್ರಿಟಿಷರ ಕಾಲದಲ್ಲಿ ಹೊಸ ರಾಜನ ಹೆಸರಿನ ಮೊದಲ ಬೆಳ್ಳಿ ರೂಪಾಯಿ ಬಂದಾಗ, ರಾಜನ ನಿಲುವಂಗಿಯ ಮೇಲೆ ಕೊರೆದ ಪುಟ್ಟ ಆನೆ ಹಂದಿಯ ಹಾಗೆ ಕಾಣುತ್ತದೆ ಎಂದು ಜನ ಗಲಾಟೆ ಮಾಡಿದರಂತೆ. ಸರ್ಕಾರ ಆನೆಯೇ ಎಂದು ವಾದಿಸುತ್ತ ಕೂರದೆ, ಸಿಕ್ಕಿದ್ದನ್ನೆಲ್ಲ ಕರಗಿಸಿ ಮರುವರ್ಷ ಸೊಂಡಿಲು ತಿದ್ದಿತು. ತಪ್ಪು ತಿದ್ದಲು ಗೊತ್ತಿದ್ದ ಸರ್ಕಾರ. ಕರಗದೆ ಉಳಿದದ್ದರಲ್ಲಿ ಒಂದು ಲಾರೆನ್ಸ್ ಅಂಕಲ್‌ನ ಅಜ್ಜಿಯ ಟ್ರಂಕಿನ ತಳದಲ್ಲಿ ಬಟ್ಟೆಯಲ್ಲಿ ಸುತ್ತಿ ಬಿದ್ದಿತ್ತು. ಪೇಟೆಯ ಕೈಗೆ ಹೋಗದೆ ಇದ್ದದ್ದರಿಂದ ಹೊಳಪು ಹಾಗೇ ಇತ್ತು. ಗಲ್ಫಿನಲ್ಲಿರುವಾಗ ಒಬ್ಬ ಏಜೆಂಟನ ಮೂಲಕ ಪರೀಕ್ಷೆಗೆ ಕಳುಹಿಸಿದರು. ಅರುವತ್ತಮೂರು ಅಂಕ ಪಡೆದು ಡಬ್ಬಿಯಲ್ಲಿ ವಾಪಸು ಬಂತು. "ನಾನು ಹತ್ತನೇ ಫೇಲು. ನಮ್ಮ ಕುಟುಂಬದಲ್ಲಿ ಫಸ್ಟ್ ಕ್ಲಾಸ್ ಬಂದದ್ದು ಈ ರೂಪಾಯಿ ಒಂದೇ" ಎನ್ನುತ್ತಿದ್ದರು.

ಅವರು ಅದನ್ನು ತೋರಿಸುವ ರೀತಿ ವಿಚಿತ್ರ. ಅಂಗಿಯ ಜೇಬಿನಿಂದ ಕರವಸ್ತ್ರ, ಕರವಸ್ತ್ರದಿಂದ ಡಬ್ಬಿ, ಡಬ್ಬಿಯ ಚೀಟಿಯ ಮೇಲೆ ಬಲಗೈ ಹೆಬ್ಬೆರಳು. ಆ ಬೆರಳಿನ ಉಗುರು ಅರ್ಧ ಕಪ್ಪು. ಗಲ್ಫಿನಲ್ಲಿ ಕೇಬಲ್ ಡ್ರಮ್ಮಿನ ಅಡಿಗೆ ಸಿಕ್ಕಿದ್ದು. ಯಾರ ಕೈಗೆ ಕೊಟ್ಟರೂ ನಂಬರ್ ಮಾತ್ರ ಮುಚ್ಚಿಯೇ ಇರುತ್ತಿತ್ತು.

ನಾನು ಕಾರ್ಯದರ್ಶಿಯಾದ ಮೇಲೆ ಸಂಘಕ್ಕೆ ಅಂತರ್ಜಾಲದಲ್ಲಿ ಒಂದು ಪುಟ ಮಾಡಿದೆ. ಎಲ್ಲರ ನಾಣ್ಯಗಳ ಫೋಟೋ ಹಾಕುವುದು, ಎಲ್ಲವೂ ಬಹಿರಂಗ. ಮೇಜಿನ ಮೇಲೆ ನೀಲಿ ಚೌಕುಳಿ ಬಟ್ಟೆ ಹಾಸಿ ಒಂದೊಂದಾಗಿ ತೆಗೆದೆ. ಲಾರೆನ್ಸ್ ಅಂಕಲ್ ಡಬ್ಬಿಯನ್ನು ಬಟ್ಟೆಯ ಮೇಲಿಟ್ಟರು, ಕೈ ಬಿಡಲಿಲ್ಲ.

"ಅಂಕಲ್, ಹೆಬ್ಬೆರಳು ತೆಗೀರಿ. ನಂಬರ್ ಕಾಣುದಿಲ್ಲ."

"ನಂಬರ್ ಯಾಕೆ ಮಗಳೇ? ನಾಣ್ಯ ಕಂಡರೆ ಸಾಕಲ್ಲ. ನಂಬರ್ ಊರಿಗೆಲ್ಲ ತೋರಿಸಬಾರದು ಅಂತ ಅಲ್ಲಿ ಹೇಳ್ತಿದ್ದರು."

"ಅಲ್ಲಿ ಯಾರು ಹೇಳಿದ್ದು? ಮುಚ್ಚಿಟ್ಟರೆ ತಾನೇ ಜನರಿಗೆ ಸಂಶಯ ಬರುದು?"

ಉತ್ತರ ಅವರ ಹತ್ತಿರ ಇತ್ತು, ನನ್ನಷ್ಟು ಬೇಗ ಬಾಯಿಗೆ ಬರಲಿಲ್ಲ. ಬೆರಳನ್ನು ಡಬ್ಬಿಯ ಅಂಚಿಗೆ ಸರಿಸಿದರು. ನಾನು ಫೋಟೋ ತೆಗೆದೆ. ಅಕ್ಷರ ಅಕ್ಷರ ಓದುವಷ್ಟು ಸ್ಪಷ್ಟ ಬಂತು. ಶೇಖರಣ್ಣ ಕನ್ನಡಕ ಏರಿಸಿ ನೋಡಿ, "ಎಂತ ಕ್ಯಾಮರಾ ಮಾರಾಯ್ತಿ, ಪೊರ್ಬುಗಳ ಉಗುರಿನ ಕೊಳೆಯೂ ಕಾಣ್ತದೆ" ಎಂದರು. ತುಳುವಿನವರು ಕ್ರೈಸ್ತರನ್ನು ಗೌರವದಿಂದ ಪೊರ್ಬುಗಳು ಎನ್ನುವುದು ವಾಡಿಕೆ. ಲಾರೆನ್ಸ್ ಅಂಕಲ್ ಎಲ್ಲರಿಗಿಂತ ಜೋರಾಗಿ ನಕ್ಕರು.

ಒಂದು ವರ್ಷ ಕಳೆಯಿತು. ಮಣಿಪಾಲದ ಡಾಕ್ಟ್ರು ಒಬ್ಬರು ಹೊಸದಾಗಿ ಸಂಘ ಸೇರಿದರು. ಸಜ್ಜನರು, ಮೆಲು ಮಾತು. ತಾವು ಕೊಂಡ ಪ್ರತಿಯೊಂದಕ್ಕೂ ಬಿಲ್ಲು, ಬಿಲ್ಲಿಗೊಂದು ಫೈಲು. ಒಂದು ಭಾನುವಾರ ಅವರು ಬ್ಯಾಗಿನಿಂದ ಮಿರಮಿರ ಮಿಂಚುವ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಹಂದಿ ರೂಪಾಯಿ. ಅರುವತ್ತಮೂರು. ನಾನು ಅಭ್ಯಾಸಬಲದಿಂದ ನಂಬರ್ ಒತ್ತಿದೆ, ಸರಿ ಬಂತು. ಪುಸ್ತಕದ ಹಿಂದೆ ಸದಸ್ಯರ ನಾಣ್ಯಗಳ ಪಟ್ಟಿಯಲ್ಲಿ ಬರೆದುಕೊಳ್ಳುವಾಗ ಆ ನಂಬರ್ ಮೊದಲೇ ಅಲ್ಲಿರುವುದು ಕಂಡಿತು, ಲಾರೆನ್ಸ್ ಅಂಕಲ್‌ನ ಹೆಸರಿನ ಎದುರು.

ಎರಡೂ ಡಬ್ಬಿಗಳನ್ನು ಪಕ್ಕಪಕ್ಕ ಇಟ್ಟರು. ನಂಬರ್ ಒಂದೇ.

"ಇದು ಒಂದೇ ಹಾಜರಿಗೆ ಇಬ್ಬರು ಎಸ್ ಸಾರ್ ಹೇಳಿದ ಹಾಗಾಯ್ತಲ್ಲ" ಎಂದರು ಶೇಖರಣ್ಣ. ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಒಂದು ನಕಲಿ ಎಂಬುದು ಎಲ್ಲರಿಗೂ ಗೊತ್ತಾಯಿತು. ಯಾವುದು ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ನನಗಿತ್ತು. ಯಾರೂ ಕೇಳುವ ಮೊದಲೇ ನಾನು ಎದ್ದು ನಿಂತಿದ್ದೆ.

ಹೇಗೆ ಮಾತಾಡಿದೆ ಎಂದು ನೆನೆದರೆ ಈಗ ಮೈ ಉರಿಯುತ್ತದೆ, ಆದರೆ ಸುಳ್ಳು ಹೇಳಬಾರದು, ಚೆನ್ನಾಗಿ ಮಾತಾಡಿದೆ. ಡಾಕ್ಟ್ರ ಡಬ್ಬಿಗೆ ಬಿಲ್ಲಿದೆ, ಇದಕ್ಕೆ ಇರುವುದು ಅಜ್ಜಿಯ ಕತೆ ಎಂದೆ. ಡಾಕ್ಟ್ರ ಡಬ್ಬಿಯ ಚೀಟಿ ಕಂಪನಿ ತನ್ನ ವೆಬ್‌ಸೈಟಿನಲ್ಲಿ ತೋರಿಸುವ ಮಾದರಿಯ ಹಾಗೇ ಉಂಟು, ಬೆಳ್ಳಿಬಣ್ಣದ ಮುದ್ರೆಯೂ ಉಂಟು; ಲಾರೆನ್ಸ್ ಅಂಕಲ್‌ನದ್ದರಲ್ಲಿ ಅಕ್ಷರದ ರೂಪವೇ ಬೇರೆ, ಮುದ್ರೆ ಇಲ್ಲ ಎಂದೆ. ಎಲ್ಲ ಒಳ್ಳೆಯ ವಾದಪಟುಗಳ ಹಾಗೆ, ದೊಡ್ಡ ಬಾಣವನ್ನು ಕೊನೆಗೆ ಉಳಿಸಿಕೊಂಡಿದ್ದೆ: "ಇಷ್ಟು ವರ್ಷ ಅವರು ನಂಬರನ್ನು ಬೆರಳಿನಿಂದ ಯಾಕೆ ಮುಚ್ಚುತ್ತಿದ್ದರು ಎಂದು ನೀವೇ ಯೋಚಿಸಿ."

ಕೋಣೆಯಲ್ಲಿ ತಲೆಗಳು ಮೆಲ್ಲಗೆ ಆಡಿದವು. ನನಗೆ ಆ ಆಟ ಚಿರಪರಿಚಿತ. ಗೆದ್ದಾಗ ಸಭೆಯ ತಲೆಗಳು ಹಾಗೆಯೇ ಆಡುವುದು.

ಲಾರೆನ್ಸ್ ಅಂಕಲ್ ನನ್ನನ್ನೇ ನೋಡುತ್ತಿದ್ದರು. "ನನ್ನದು ಸುಳ್ಳು ಅಂತ ನೀನು ಹೇಳುದಾ ಮಗಳೇ?"

"ನಾನಲ್ಲ ಅಂಕಲ್, ಸಾಕ್ಷಿ ಹೇಳುದು."

"ಹಾಗಾದರೆ ಬರೆ" ಎಂದರು ಶೇಖರಣ್ಣ, ಯಾರ ಮುಖವನ್ನೂ ನೋಡದೆ. ನಾನು ನಡಾವಳಿ ಪುಸ್ತಕದಲ್ಲಿ ದುಂಡಾಗಿ ಬರೆದೆ: ಕುಕ್ಕುಂದೂರಿನ ಶ್ರೀ ಲಾರೆನ್ಸ್ ಅವರ ನಾಣ್ಯದ ಡಬ್ಬಿಯು ನಕಲಿಯೆಂದೂ ಡಾಕ್ಟ್ರವರದ್ದು ಅಸಲಿಯೆಂದೂ ಸಭೆ ಅಭಿಪ್ರಾಯಪಟ್ಟಿತು. ಕೆಳಗೆ ನನ್ನ ಸಹಿ.

ನಾನು ಪೆನ್ನು ಮುಚ್ಚುವಾಗ ಲಾರೆನ್ಸ್ ಅಂಕಲ್ ಎದ್ದು ಬಾಗಿಲ ಹತ್ತಿರ ಹೋದರು. ಮನೆಗೆ ಹೊರಟರು ಎಂದುಕೊಂಡೆ. ಬಾಗಿಲು ಗಾಳಿಗೆ ಬಡಿಯದ ಹಾಗೆ ಅಡ್ಡ ಇಡುವ ಕರಿಕಲ್ಲೊಂದು ಅಲ್ಲಿತ್ತು. ಡಬ್ಬಿಯನ್ನು ನೆಲದ ಮೇಲಿಟ್ಟು, ಆ ಕಲ್ಲಿನಿಂದ ಅಂಚಿಗೆ ಎರಡು ಸಲ ಕುಟ್ಟಿದರು. ಪ್ಲಾಸ್ಟಿಕ್ ಸೀಳಿತು. ನಾಣ್ಯ ಹೆಕ್ಕಿ ಕಲ್ಲಿನ ಮೇಲೆ ಬಿಟ್ಟರು. ಕಿಣ್ಣೆಂದ ಶಬ್ದ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಹಿರಿಯರು ಇಬ್ಬರು ಕಿವಿಗೊಟ್ಟು ಒಬ್ಬರನ್ನೊಬ್ಬರು ನೋಡಿದರು. ಬೆಳ್ಳಿಯ ಆ ಸ್ವರ ಅವರಿಗೆ ಗೊತ್ತು.

"ಡಾಕ್ಟ್ರೇ, ಈಗ ನಿಮ್ಮದು ಒಡೆಯಿರಿ. ಕೇಳುವ."

"ನಾನು ಯಾಕೆ ಒಡೆಯಬೇಕು?" ಡಾಕ್ಟ್ರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ನನ್ನದು ಸರಿ ಅಂತ ಈಗಷ್ಟೇ ಬರೆದರಲ್ಲ."

ಆಗಲೂ ನಾನು ಸುಮ್ಮನಿರಬಹುದಿತ್ತು. "ಅಂಕಲ್, ಶಬ್ದದಿಂದ ಬೆಳ್ಳಿ ಅಂತ ಗೊತ್ತಾಗಬಹುದು, ಟಂಕಸಾಲೆಯದ್ದು ಅಂತ ಗೊತ್ತಾಗುದಿಲ್ಲ. ಅದೂ ಅಲ್ಲದೆ, ನೀವು ಇದ್ದ ಒಂದು ಸಾಕ್ಷಿಯನ್ನೂ ಒಡೆದುಹಾಕಿದಿರಿ" ಎಂದೆ. ಖಂಡನೆಗೆ ಪೂರ್ಣಾಂಕ. ಲಾರೆನ್ಸ್ ಅಂಕಲ್ ನಾಣ್ಯವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮೆಟ್ಟಿಲಿಳಿದರು. ಪ್ಲಾಸ್ಟಿಕ್ ಚೂರುಗಳನ್ನೂ ಚೀಟಿಯನ್ನೂ ಕೋಣೆ ಗುಡಿಸುವವರು ಈರುಳ್ಳಿ ಸಿಪ್ಪೆಯ ಜೊತೆ ತೆಗೆದುಕೊಂಡು ಹೋದರು.

ಎರಡು ತಿಂಗಳು ಕಳೆದಿರಬೇಕು. ಮಣಿಪಾಲದ ನನ್ನ ಆಫೀಸಿನಲ್ಲಿ ಮಧ್ಯಾಹ್ನದ ಊಟದ ಹೊತ್ತು, ಮೊಬೈಲಿನಲ್ಲಿ ನಾಣ್ಯ ಮಾರುವ ಜಾಹೀರಾತುಗಳನ್ನು ಸುಮ್ಮನೆ ಸರಿಸುತ್ತಿದ್ದೆ. ಯಾವುದೋ ಊರಿನ ಯಾರೋ ಹಂದಿ ರೂಪಾಯಿ ಮಾರುತ್ತಿದ್ದ, ಅರುವತ್ತಮೂರು ಅಂಕದ್ದು. ಅದೇ ನಂಬರ್. ಫೋಟೋದಲ್ಲಿ ಡಬ್ಬಿಯ ಕೆಳಗೆ ನೀಲಿ ಚೌಕುಳಿ ಬಟ್ಟೆ. ಅಂಚಿನಲ್ಲಿ ಒಂದು ಹೆಬ್ಬೆರಳಿನ ತುದಿ, ಉಗುರು ಅರ್ಧ ಕಪ್ಪು.

ನಾನೇ ತೆಗೆದ ಫೋಟೋ. ನಾನೇ ಊರಿಗೆಲ್ಲ ಹಂಚಿದ ನಂಬರ್. ನಕಲಿ ಡಬ್ಬಿ ಮಾಡುವವರಿಗೆ ಬೇಕಾದದ್ದು ಅಸಲಿಯ ಒಂದು ನಂಬರ್ ಮಾತ್ರ; ವೆಬ್‌ಸೈಟಿನಲ್ಲಿ ಒತ್ತಿದಾಗ ಸರಿ ಎಂದು ಬರಬೇಕಲ್ಲ. ಮತ್ತೆ ಹುಡುಕಿದಾಗ ಉಳಿದದ್ದೂ ತಿಳಿಯಿತು. ಲಾರೆನ್ಸ್ ಅಂಕಲ್ ನಾಣ್ಯ ಕಳುಹಿಸಿದ ಕಾಲದಲ್ಲಿ ಆ ಕಂಪನಿಯ ಚೀಟಿ ಅವರದ್ದರ ಹಾಗೆಯೇ ಇತ್ತು, ಬೆಳ್ಳಿ ಮುದ್ರೆ ಬಂದದ್ದು ಆಮೇಲೆ. ಹಳೆಯ ನಂಬರ್ ಹೊಸ ಚೀಟಿಯಲ್ಲಿ ಕೂತಿದ್ದೇ ಡಾಕ್ಟ್ರ ಡಬ್ಬಿಯ ಸುಳ್ಳಿಗೆ ಸಾಕ್ಷಿಯಾಗಿತ್ತು. ಅದನ್ನೇ ಎತ್ತಿ ಹಿಡಿದು ನಾನು ಅಸಲಿ ಎಂದಿದ್ದೆ. ಕಂಪನಿಗೆ ಬರೆದೆ. ನಂಬರ್ ತಮ್ಮ ಪಟ್ಟಿಯಲ್ಲಿ ಸರಿಯಾಗಿಯೇ ಇದೆ, ಸಂಶಯವಿದ್ದರೆ ಡಬ್ಬಿ ಕಳುಹಿಸಿ ಎಂದು ಉತ್ತರ ಬಂತು. ಎಲ್ಲಿಂದ ಕಳುಹಿಸುವುದು? ಡಾಕ್ಟ್ರು ತಮ್ಮದನ್ನು ಬಿಟ್ಟುಕೊಡುವವರಲ್ಲ, ಅಸಲಿಯನ್ನು ಗುಡಿಸಿ ಆಗಿತ್ತು. ಈಗ ಲೋಕದಲ್ಲಿ ಆ ನಂಬರಿನ ಡಬ್ಬಿಗಳು ಇರುವುದಾದರೆ ಎಲ್ಲವೂ ಸುಳ್ಳಿನವು, ಮತ್ತು ಎಲ್ಲವೂ ಪರೀಕ್ಷೆಯಲ್ಲಿ ಪಾಸು.

ಕುಕ್ಕುಂದೂರಿಗೆ ಹೋದೆ. ಲಾರೆನ್ಸ್ ಅಂಕಲ್ ಮನೆಯ ಎದುರು ಸ್ಟೂಲಿನ ಮೇಲೆ ಕೂತು ಮಿಕ್ಸಿಯ ಮೋಟಾರು ಬಿಚ್ಚುತ್ತಿದ್ದರು. ಮೊಬೈಲಿನ ಫೋಟೋ ತೋರಿಸಿ ಎಲ್ಲವನ್ನೂ ಹೇಳಿದೆ. ಅವರು ಫೋಟೋವನ್ನು ದೊಡ್ಡದು ಮಾಡಿ, ತಮ್ಮ ಉಗುರನ್ನು ಒಮ್ಮೆ, ಫೋಟೋದ ಉಗುರನ್ನು ಒಮ್ಮೆ ನೋಡಿದರು.

"ನನ್ನದೇ" ಎಂದರು.

ಬೈಯಲಿ ಎಂದು ಕಾದೆ. ಬೈದರೆ ಉತ್ತರ ಕೊಡುವುದು ನನಗೆ ಗೊತ್ತು. ಅವರು ಸ್ಕ್ರೂಗಳನ್ನು ಒಂದು ಬಟ್ಟಲಿಗೆ ಹಾಕುತ್ತ ಹೇಳಿದರು: "ನಾನು ಚರ್ಚಿನಲ್ಲಿ ನಮ್ಮ ವಾರ್ಡಿನ ಗುರ್ಕಾರ ಅಲ್ವಾ, ಮುಖಂಡ. ಮನೆಮನೆಗೆ ಹೋಗಿ ವಂತಿಗೆ ತರುದು ನಾನೇ. ಮೊನ್ನೆ ಒಬ್ಬ ಎಲ್ಲರ ಎದುರು ಕೇಳಿದ, 'ಗುರ್ಕಾರರೇ, ನೋಟೆಲ್ಲ ಅಸಲಿಯಾ' ಅಂತ. ತಮಾಷೆಗೇ ಕೇಳಿದ್ದು. ನಾನೂ ನಕ್ಕೆ."

"ಅಂಕಲ್, ನಾನು ಎಂತ ಮಾಡಬೇಕು ಹೇಳಿ."

"ಆ ಪುಸ್ತಕದಲ್ಲಿ ನನ್ನ ಹೆಸರು ಉಂಟಲ್ಲ, ಆ ಸಾಲು ಹೊಡೆದುಹಾಕು. ಡಬ್ಬಿ ಹೋಗಲಿ. ಸಾಲು ಇರಬಾರದು."

ಇಷ್ಟೇ ಕೇಳಿದ್ದು. ಮುಂದಿನ ಭಾನುವಾರ ನಾನು ತಯಾರಾಗಿ ಹೋದೆ. ಹಳೆಯ ಚೀಟಿ, ಹೊಸ ಚೀಟಿ, ನನ್ನ ಫೋಟೋ, ಆ ಜಾಹೀರಾತು, ಎಲ್ಲವನ್ನೂ ಪ್ರಿಂಟು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟು, ನನ್ನ ಜೀವಮಾನದಲ್ಲೇ ಅತ್ಯುತ್ತಮವಾಗಿ ಮಾತಾಡಿದೆ. ಪರ-ವಿರೋಧದ ಚೀಟಿ ಎತ್ತದೆ, ನಾನೇ ಹುಡುಕಿ ನಿಜವೆಂದು ಕಂಡುಕೊಂಡು ಮಾತಾಡಿದ್ದು ಅದೇ ಮೊದಲು. ತಪ್ಪು ನನ್ನದು ಎಂದೆ. ಸಾಲು ಹೊಡೆಯಬೇಕು ಎಂದೆ. ಮುಗಿಸಿ ಕೂತಾಗ ತಲೆಗಳು ಆಡಲಿಲ್ಲ.

ಡಾಕ್ಟ್ರು ಮೆಲುದನಿಯಲ್ಲಿ ಹೇಳಿದರು: "ಆ ಪುಟದ ಜೆರಾಕ್ಸನ್ನು ನಾನು ಡಬ್ಬಿಯ ಫೈಲಿಗೆ ಹಾಕಿ ಆಗಿದೆ. ಈಗ ಹೊಡೆದರೆ ನನ್ನದು ನಕಲಿ ಅಂತ ಆಯ್ತಲ್ಲ."

"ನಿಮ್ಮದು ನಕಲಿಯೇ ಡಾಕ್ಟ್ರೇ."

"ಆವತ್ತು ನೀವು ಅಸಲಿ ಅಂದಿರಿ."

ನಾನು ಶೇಖರಣ್ಣನ ಕಡೆ ನೋಡಿದೆ. ಅವರು ನನ್ನ ಪ್ರಿಂಟುಗಳನ್ನು ಒಟ್ಟು ಮಾಡಿ, ಅಂಚು ಸರಿಮಾಡಿ, ನನ್ನ ಕಡೆಗೇ ತಳ್ಳಿದರು.

"ನೀನು ಹೇಳುದು ಸರಿ ಇರಬಹುದು ಮಾರಾಯ್ತಿ. ಆದರೆ ಆವತ್ತೂ ನೀನು ಇಷ್ಟೇ ಚಂದ ಮಾತಾಡಿದ್ದಿ. ಆವತ್ತೂ ನಮಗೆ ಸರಿ ಅಂತಲೇ ಕಂಡದ್ದು. ನಾಳೆ ಇನ್ನೊಂದು ತಂದು ಇದಕ್ಕಿಂತ ಚಂದ ಹೇಳಿದರೆ? ನಾವು ಎಷ್ಟು ಸಲ ಪುಸ್ತಕ ಹೊಡೆಯುದು?"

ಕೈ ಎತ್ತಲು ಹೇಳಿದರು. ನನ್ನದೊಂದು ಎದ್ದಿತು. ನಾಣ್ಯದ ಶಬ್ದಕ್ಕೆ ಕಿವಿಗೊಟ್ಟಿದ್ದ ಆ ಇಬ್ಬರು ಹಿರಿಯರೂ ಕಿಟಕಿಯ ಹೊರಗೆ ನೋಡುತ್ತಿದ್ದರು. ನಡಾವಳಿ ಬರೆಯಬೇಕಾದವಳು ನಾನೇ. 'ವಿಷಯವನ್ನು ಚರ್ಚಿಸಿ ಕೈಬಿಡಲಾಯಿತು' ಎಂದು ಬರೆದೆ. ಹಿಂದಿನ ಪುಟದ ಸಾಲನ್ನು ಆಗಲೇ ಪೆನ್ನಿನಿಂದ ಗೀಚಬಹುದಿತ್ತು, ಪುಸ್ತಕ ನನ್ನ ಕೈಯಲ್ಲೇ ಇತ್ತು. ಗೀಚಿದರೆ ಪುಸ್ತಕ ತಿದ್ದಿದ ಕಾರ್ಯದರ್ಶಿಯ ಮಾತನ್ನು ಆಮೇಲೆ ಯಾರು ನಂಬುತ್ತಾರೆ ಎಂದು ಯೋಚಿಸಿದೆ. ನಂಬುವವರು ಯಾರು ಉಳಿದಿದ್ದರೋ.

ಮೆಟ್ಟಿಲಿಳಿಯುವಾಗಲೇ ಲಾರೆನ್ಸ್ ಅಂಕಲ್‌ನ ಫೋನು ಬಂತು.

"ಆಯ್ತಾ ಮಗಳೇ?"

"ಇಲ್ಲ ಅಂಕಲ್. ಒಪ್ಪಲಿಲ್ಲ."

"ಸರಿಯಾಗಿ ಹೇಳಿದಿಯಾ?"

"ಹೇಳಿದೆ. ಎಲ್ಲ ಸಾಕ್ಷಿ ಇಟ್ಟು, ಒಂದೂ ಬಿಡದೆ ಹೇಳಿದೆ."

"ಚಂದ ಮಾಡಿ ಹೇಳಿದಿಯಾ?"

"ಹೌದು ಅಂಕಲ್."

ಆ ಕಡೆ ಸ್ಕ್ರೂ ಬಟ್ಟಲಿಗೆ ಬಿದ್ದ ಸದ್ದು ಕೇಳಿಸಿತು.

"ಹಾಗಾದರೆ ಅದಕ್ಕೇ ಆಗಿರಬೇಕು" ಎಂದರು.